ರಾತ್ರಿ ಡೈವ್‌ನಲ್ಲಿ ಟಾರ್ಚ್ ಯಾವ ಕೈಯಲ್ಲಿರಬೇಕು?

ಪ್ರಶ್ನೆ: ನಾನೂ ನನ್ನ ಭಾವನೂ ಸ್ಕೂಬಾ ಕಲಿತು, ಇಷ್ಟು ದಿನ ಹಗಲು ಡೈವ್ ಮಾಡಿಕೊಂಡಿದ್ದೆವು. ಈಚೆಗೆ ಬೋಧಕರ ಜೊತೆ ಮೊದಲ ಸಲ ರಾತ್ರಿ ಇಳಿದೆವು. ನನ್ನ ಹತ್ತಿರ ಪಿಸ್ತೂಲಿನಂಥ ಹಿಡಿ ಇರುವ ದೊಡ್ಡ ಟಾರ್ಚ್ ಇದೆ, ಭಾವನದು ಚಿಕ್ಕದು. ಮೇಲೆ ಬಂದ ತಕ್ಷಣ ಭಾವ, "ಉದ್ದಕ್ಕೂ ನನ್ನ ಕಣ್ಣಿಗೇ ಬಿಟ್ಟೆಯಲ್ಲ, ನಿನ್ನ ಸನ್ನೆ ಒಂದೂ ತಿಳಿಯಲಿಲ್ಲ" ಅಂತ ಬೈದರು. ಟಾರ್ಚ್ ಹಿಡಿದ ಕೈಯಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಲು ಆಗಲಿಲ್ಲ ಅನ್ನುವುದು ನನ್ನ ಗೋಳು. ಅದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕಾ, ಜಾಕೆಟ್‌ಗೆ ಸಿಕ್ಕಿಸಬೇಕಾ? ಯಾವ ಕೈಯಲ್ಲಿ ಹಿಡಿಯಬೇಕು? ಎರಡನೇ ಟಾರ್ಚ್ ನಿಜವಾಗಲೂ ಬೇಕಾ? ವಿಮಾನದಲ್ಲಿ ಒಯ್ಯಬಹುದಾ?

ಉತ್ತರ: ಭಾವ ಬೈದದ್ದು ಸರಿಯೇ. ಆದರೆ ತಪ್ಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ನಿಮ್ಮ ಟಾರ್ಚಿನ ಹಿಡಿಯದು. ಅದಕ್ಕೆ ಆಮೇಲೆ ಬರುತ್ತೇನೆ.

ಡೈವ್ ಟಾರ್ಚ್ ಕೊಳ್ಳುವಾಗ ಎಲ್ಲರೂ ಕೇಳುವುದು ಒಂದೇ, ಎಷ್ಟು ದೂರ ಕಾಣುತ್ತದೆ ಅಂತ. ಜೊತೆಗಾರರ ಜೊತೆ ಇಳಿಯುವವರು ಮೊದಲು ಕೇಳಬೇಕಾದದ್ದು ಬೇರೆ: ಕೈ ಇನ್ನೇನೋ ಕೆಲಸದಲ್ಲಿದ್ದಾಗಲೂ ಬೆಳಕು ಅಲುಗಾಡದೆ ನಿಲ್ಲುತ್ತದಾ? ನೀರಿನೊಳಗೆ ಬಾಯಲ್ಲಿ ಉಸಿರಾಡುವ ರೆಗ್ಯುಲೇಟರ್ ಇರುತ್ತದೆ, ಮಾತಿಲ್ಲ. ಹಗಲಲ್ಲಿ ಕೈಸನ್ನೆ ನಡೆಯುತ್ತದೆ. ಕತ್ತಲಲ್ಲಿ ಕೈಸನ್ನೆಯೂ ಬೆಳಕು ಬಿದ್ದರಷ್ಟೇ ಕಾಣುವುದು. ಅಂದರೆ ಇಬ್ಬರ ನಡುವಿನ ಮಾತೆಲ್ಲ ಟಾರ್ಚಿನ ಮೂಲಕವೇ ಹೋಗಬೇಕು. ಯಾವ ಕೈ, ಎಲ್ಲಿ ಸಿಕ್ಕಿಸಬೇಕು, ಎಷ್ಟು ಟಾರ್ಚ್ ಬೇಕು ಅನ್ನುವುದಕ್ಕೆಲ್ಲ ಉತ್ತರ ಇಲ್ಲಿಂದಲೇ ಸಿಗುತ್ತದೆ.

ನುರಿತ ಇಬ್ಬರು ಡೈವರ್‌ಗಳು ರಾತ್ರಿ ಅಕ್ಕಪಕ್ಕ ಈಜುವುದನ್ನು ಗಮನಿಸಿ. ಒಬ್ಬರು ಇನ್ನೊಬ್ಬರ ಮುಖ ನೋಡುವುದೇ ಅಪರೂಪ. ಇಬ್ಬರ ಬೆಳಕೂ ಮುಂದಿನ ಮರಳಿನ ಮೇಲೆ, ಹತ್ತಿರ ಹತ್ತಿರ ಬಿದ್ದಿರುತ್ತದೆ. ಪಕ್ಕದವರ ಬೆಳಕು ನಿಧಾನವಾಗಿ, ಸಮವಾಗಿ ಸಾಗುತ್ತಿದ್ದರೆ ಅವರು ಆರಾಮಾಗಿದ್ದಾರೆ. ಒಂದು ಕಡೆ ನಿಂತರೆ ಏನೋ ನೋಡುತ್ತಿದ್ದಾರೆ. ಹಿಂದೆ ಬಿದ್ದರೆ ನಾವು ಜೋರಾಗಿ ಹೋಗುತ್ತಿದ್ದೇವೆ. ಕಾಣದೇ ಹೋದರೆ ತಿರುಗಿ ನೋಡಬೇಕು. ಯಾರೂ ಯಾವ ಸನ್ನೆಯನ್ನೂ ಮಾಡದೆ ಇಷ್ಟೆಲ್ಲ ಸುದ್ದಿ ಸುಮ್ನೆ ಸಿಗುತ್ತಿರುತ್ತದೆ. ಇದು ಸಿಗಬೇಕಾದರೆ ಒಂದೇ ಷರತ್ತು. ಕಾರಣವಿಲ್ಲದೆ ಬೆಳಕು ಓಡಾಡಬಾರದು. ಸುತ್ತ ಏನಿದೆ ಅಂತ ನೋಡಲು ಟಾರ್ಚನ್ನು ಅಲ್ಲಿ ಇಲ್ಲಿ ಬೀಸುತ್ತಿದ್ದರೆ, ನಿಜಕ್ಕೂ ತೊಂದರೆ ಬಂದು ನೀವು ಬೀಸಿದಾಗ ಭಾವನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಒಬ್ಬರ ಹಿಂದೆ ಒಬ್ಬರು ಹೋಗುವಾಗ ಹಿಂದಿನವರ ಜವಾಬ್ದಾರಿ ಜಾಸ್ತಿ. ಮುಂದಿನವರಿಗೆ ಹಿಂದೆ ಕಣ್ಣಿಲ್ಲ. ಹಾಗಾಗಿ ಹಿಂದಿನವರು ತಮ್ಮ ಬೆಳಕನ್ನು ಮುಂದಿನವರ ಪಕ್ಕದಲ್ಲಿ, ಅವರ ಕಣ್ಣಂಚಿಗೆ ಕಾಣುವ ಹಾಗೆ ನೆಲದ ಮೇಲೆ ಇಟ್ಟುಕೊಂಡು ಬರಬೇಕು.

ಸನ್ನೆಗಳು ಬೇಕಾದದ್ದು ಮೂರೇ. ನೆಲದ ಮೇಲೆ ಅಥವಾ ಬಂಡೆಯ ಮೇಲೆ ಬೆಳಕಿನಿಂದ ನಿಧಾನವಾಗಿ ಒಂದು ದೊಡ್ಡ ಸುತ್ತು ಬರೆದರೆ "ಸರಿಯಾಗಿದ್ದೀಯಾ?" ಎದುರಿನವರು ತಾವೂ ಸುತ್ತು ಬರೆದು "ಸರಿ" ಅನ್ನಬೇಕು. ಉತ್ತರ ಬರುವ ತನಕ ಆ ಮಾತು ಮುಗಿದಿಲ್ಲ ಅಂತಲೇ ಲೆಕ್ಕ. ಬೆಳಕನ್ನು ಅತ್ತ ಇತ್ತ ನಿಧಾನವಾಗಿ ಆಡಿಸಿದರೆ "ಇಲ್ಲಿ ನೋಡು". ಜೋರಾಗಿ, ಬಿಡದೆ ಆಡಿಸಿದರೆ ತುರ್ತು, ಆಗ ಕೈಯಲ್ಲಿರುವುದನ್ನೆಲ್ಲ ಬಿಟ್ಟು ಹತ್ತಿರ ಬರಬೇಕು. "ಇಲ್ಲಿ ನೋಡು" ಅನ್ನಲು ಕೆಲವರು ಮೇಲೆ ಕೆಳಗೆ ಆಡಿಸುವುದನ್ನು ಕಲಿತಿರುತ್ತಾರೆ. ಅದಕ್ಕೇ ಇಳಿಯುವ ಮುಂಚೆ ದೋಣಿಯಲ್ಲೇ ಇಬ್ಬರೂ ಒಮ್ಮೆ ಮಾಡಿ ತೋರಿಸಿಕೊಳ್ಳಿ. ಒಂದು ನಿಮಿಷವೂ ಬೇಕಾಗುವುದಿಲ್ಲ.

ಈ ಸನ್ನೆಗಳನ್ನು ಎಲ್ಲಿ ಮಾಡುತ್ತೀರಿ ಅನ್ನುವುದರಲ್ಲೇ ನಿಮ್ಮ ಜಗಳದ ಮೂಲ ಇದೆ. ಸುತ್ತು ಬರೆಯಬೇಕಾದದ್ದು ಭಾವ ನೋಡುತ್ತಿರುವ ಜಾಗದ ಮೇಲೆ, ಅವರ ಬೆಳಕಿನ ಪಕ್ಕದಲ್ಲಿ. ಭಾವನ ಮೇಲೆ ಅಲ್ಲ. ಹೊಸಬರು ಜೊತೆಗಾರರನ್ನು ಕರೆಯಬೇಕಾದರೆ ಟಾರ್ಚನ್ನು ನೇರ ಅವರತ್ತ ತಿರುಗಿಸುತ್ತಾರೆ. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದನ್ನು ಕೆಡಿಸಲು ಒಂದು ಸಲ ಕಣ್ಣಿಗೆ ಬಿಟ್ಟರೆ ಸಾಕು. ಆಮೇಲೆ ಸ್ವಲ್ಪ ಹೊತ್ತು ಕಣ್ಣ ಮುಂದೆ ಬರೀ ಬಿಳಿ ಮಚ್ಚೆ. ಎಷ್ಟು ಗಾಳಿ ಇದೆ ಅಂತ ತೋರಿಸುವ ಗೇಜ್ ಕಾಣುವುದಿಲ್ಲ, ನಿಮ್ಮ ಸನ್ನೆಯೂ ಕಾಣುವುದಿಲ್ಲ. ಭಾವನಿಗೆ ನಿಮ್ಮ ಸನ್ನೆ ತಿಳಿಯದೆ ಹೋದದ್ದು ಇದೇ ಕಾರಣಕ್ಕೆ ಇರಬೇಕು.

ಬೇಕಂತ ಯಾರೂ ಕಣ್ಣಿಗೆ ಬಿಡುವುದಿಲ್ಲ. ಮಾತಾಡಿಸಲು ತಿರುಗಿದಾಗ ದೇಹದ ಜೊತೆ ಕೈಯೂ ತಿರುಗುತ್ತದೆ, ಕೈಯ ಜೊತೆ ಬೆಳಕೂ ತಿರುಗಿ ಎದುರಿನವರ ಮಾಸ್ಕ್‌ಗೆ ಹೊಡೆಯುತ್ತದೆ. ಇದನ್ನು ತಪ್ಪಿಸಲು ಒಂದು ರೂಢಿ ಬೆಳೆಸಿಕೊಳ್ಳಿ. ತಿರುಗುವ ಮೊದಲು ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿ, ಬೆಳಕು ನೆಲಕ್ಕೆ ಬಿದ್ದ ಮೇಲೆ ಮುಖ ತಿರುಗಿಸಿ. ಮೊದಮೊದಲು ನೆನಪಿಟ್ಟು ಮಾಡಬೇಕು, ಆಮೇಲೆ ಕೈಗೆ ತಾನಾಗಿ ಬರುತ್ತದೆ. ಕೈಸನ್ನೆ ತೋರಿಸಬೇಕಾದರೆ ಎದೆಯ ಮುಂದೆ ಒಂದು ಕೈ ಹಿಡಿದು, ಇನ್ನೊಂದು ಕೈಯ ಟಾರ್ಚಿನಿಂದ ಪಕ್ಕದಿಂದ ಅದರ ಮೇಲೆ ಬೆಳಕು ಬಿಡಿ. ಬೆಳಕು ಕೈ ದಾಟಿ ಎದುರಿನವರತ್ತ ಹೋಗಬಾರದು. ಎಷ್ಟು ಗಾಳಿ ಉಳಿದಿದೆ ಅಂತ ಬೆರಳಲ್ಲಿ ತೋರಿಸುವಾಗ ಇದು ಬಹಳ ಮುಖ್ಯ. ಬರೀ ಬೆಳಕಿನಿಂದ ಅಂಕಿ ಹೇಳಲು ಆಗುವುದಿಲ್ಲ ನೋಡಿ.

ನೀರು ಕದಡಿದ್ದರೆ ಇನ್ನೊಂದು ತಾಪತ್ರಯ. ತೇಲುವ ಕಣಗಳಿಗೆ ಬೆಳಕು ಬಡಿದು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ. ಮಂಜಿನಲ್ಲಿ ಕಾರಿನ ಹೈ ಬೀಮ್ ಹಾಕಿದರೆ ಆಗುವುದೂ ಇದೇ. ಆಗ ಜೋರು ಮಾಡಬೇಡಿ, ಕಡಿಮೆ ಮಾಡಿ. ಟಾರ್ಚನ್ನು ತಲೆಯಿಂದ ದೂರ, ಪಕ್ಕಕ್ಕೆ ಮತ್ತು ಸ್ವಲ್ಪ ಕೆಳಗೆ ಹಿಡಿಯಿರಿ. ಹಣೆಗೆ ಕಟ್ಟುವ ಟಾರ್ಚ್ ಇಬ್ಬರು ಇಳಿಯುವಾಗ ನನಗೆ ಇಷ್ಟವಿಲ್ಲದಿರುವುದಕ್ಕೆ ಇದೊಂದು ಕಾರಣ. ಇನ್ನೊಂದು ನಿಮಗೇ ಗೊತ್ತಾಗಿರಬೇಕು. ಅದನ್ನು ಹಾಕಿಕೊಂಡವರು ಯಾರನ್ನು ನೋಡಿದರೂ ಅವರ ಕಣ್ಣಿಗೇ ಬಿಡುತ್ತಾರೆ.

ನಿಮ್ಮದು ದೊಡ್ಡದು, ಭಾವನದು ಚಿಕ್ಕದು ಅಂದಿರಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 3000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಟಾರ್ಚಿನ ಬೆಳಕಿನೊಳಗೆ 300 ಲ್ಯೂಮೆನ್ ಟಾರ್ಚ್ ಬರೆಯುವ ಸುತ್ತು ಮುಳುಗಿಹೋಗುತ್ತದೆ. ಭಾವ ನಿಮ್ಮನ್ನು ಎಷ್ಟೋ ಸಲ ಕರೆದಿರಬಹುದು, ನಿಮಗೆ ಕಂಡಿರಲಿಕ್ಕಿಲ್ಲ. ಇಬ್ಬರ ಟಾರ್ಚೂ ಹೆಚ್ಚುಕಡಿಮೆ ಒಂದೇ ಶಕ್ತಿಯದಾಗಿದ್ದರೆ ಒಳ್ಳೆಯದು. ಸದ್ಯಕ್ಕೆ ಹೊಸದು ಕೊಳ್ಳದಿದ್ದರೆ ನಿಮ್ಮದನ್ನು ಕಡಿಮೆ ಮಟ್ಟಕ್ಕೆ ಇಳಿಸಿ ಬಳಸಿ. ಬೆಳಕು ಎಷ್ಟು ಹರಡುತ್ತದೆ ಅನ್ನುವುದನ್ನೂ ನೋಡಿ. 10 ಡಿಗ್ರಿ ಆಸುಪಾಸಿನ ಕಿರಿದಾದ ಬೆಳಕಿನ ಕೋಲು ಸನ್ನೆಗೆ ಹೇಳಿ ಮಾಡಿಸಿದ್ದು. ನೆಲದ ಮೇಲೆ ಚೊಕ್ಕ ಚುಕ್ಕೆ ಬೀಳುತ್ತದೆ, ಸುತ್ತು ಬರೆದರೆ ಸುತ್ತಾಗಿಯೇ ಕಾಣುತ್ತದೆ. 100 ಡಿಗ್ರಿ ಹರಡುವುದು ವಿಡಿಯೋದವರ ಟಾರ್ಚ್. ಅದರಲ್ಲಿ ಎಲ್ಲ ಕಡೆ ಒಂದೇ ಸಮ ಬೆಳಕು, ಸುತ್ತು ಬರೆದರೂ ಏನೋ ಮಸುಕಾಗಿ ಅಲುಗಾಡಿದ ಹಾಗೆ ಅಷ್ಟೇ.

ಈಗ ಕೈಯ ವಿಷಯ. ಬಲಗೈಯವರಿಗೆ ಬಲಗೈಯಲ್ಲೇ ಹಿಡಿಯಬೇಕು ಅನಿಸುವುದು ಸಹಜ. ನಾನು ಎಡಗೈ ಅನ್ನುತ್ತೇನೆ. ರೆಗ್ಯುಲೇಟರ್ ಹೋಸ್‌ಗಳು ಸಾಮಾನ್ಯವಾಗಿ ಬಲಗಡೆಯಿಂದ ಬರುತ್ತವೆ. ಭಾವನಿಗೆ ಗಾಳಿ ಮುಗಿದರೆ ಆಕ್ಟೋಪಸ್ (ಜೊತೆಗಾರರಿಗೆ ಕೊಡಲು ಇರುವ ಹೆಚ್ಚುವರಿ ರೆಗ್ಯುಲೇಟರ್) ಎಳೆದುಕೊಡಬೇಕಾದದ್ದು ಬಲಗೈ. ನಿಮ್ಮದೇ ರೆಗ್ಯುಲೇಟರ್ ಬಾಯಿಂದ ಜಾರಿದರೂ ಹುಡುಕುವುದು ಬಲಗೈ. ಆ ಕೈ ಯಾವಾಗಲೂ ಖಾಲಿ ಇರಬೇಕು.

ಆದರೆ ಬಿಸಿಡಿಯ (ಗಾಳಿ ತುಂಬಿ ತೇಲುವಿಕೆ ಹದ ಮಾಡುವ ಜಾಕೆಟ್) ಗಾಳಿ ತುಂಬುವ, ಬಿಡುವ ಕೊಳವೆಯಾದ ಇನ್‌ಫ್ಲೇಟರ್ ಎಡ ಭುಜದ ಮೇಲಿರುತ್ತದಲ್ಲ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕೆಳಗಿಳಿಯುವಾಗ ಎಡಗೈ ಇನ್‌ಫ್ಲೇಟರ್ ಮೇಲೆತ್ತಿ ಗಾಳಿ ಬಿಡುತ್ತಿರುತ್ತದೆ, ಬಲಗೈ ಕಿವಿಯ ಒತ್ತಡ ಸರಿಮಾಡಲು ಮೂಗು ಹಿಡಿದಿರುತ್ತದೆ. ಎರಡೂ ಕೈಗೆ ಕೆಲಸ. ಟಾರ್ಚ್ ಯಾವ ಕೈಯಲ್ಲಿದ್ದರೂ ಬೆಳಕು ಎದ್ದು ಪಕ್ಕದವರ ಮುಖಕ್ಕೆ ಹೋಗುತ್ತದೆ. ಇಲ್ಲೇ ನಿಮ್ಮ ಪಿಸ್ತೂಲ್ ಹಿಡಿ ಸೋಲುವುದು. ಅದನ್ನು ಮುಷ್ಟಿ ಕಟ್ಟಿಯೇ ಹಿಡಿಯಬೇಕು. ಮುಷ್ಟಿ ಬಿಟ್ಟರೆ ಟಾರ್ಚೂ ಬಿಟ್ಟ ಹಾಗೆ. ಅಂದರೆ ಡೈವ್ ಉದ್ದಕ್ಕೂ ನಿಮಗೆ ಒಂದೇ ಕೈ.

ಇದಕ್ಕೆ ಗುಹೆಗಳಲ್ಲಿ ಡೈವ್ ಮಾಡುವವರು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಗುಡ್‌ಮನ್ ಹ್ಯಾಂಡಲ್ ಅಂತ ಅದರ ಹೆಸರು. ಅಂಗೈಯನ್ನು ಒಳಗೆ ತೂರಿಸುವ ಒಂದು ಚೌಕಟ್ಟು, ಟಾರ್ಚ್ ಕೈಯ ಹಿಂಬದಿಯ ಮೇಲೆ ಕೂರುತ್ತದೆ. ಬೆರಳು ಐದೂ ಖಾಲಿ. ಇನ್‌ಫ್ಲೇಟರ್ ಗುಂಡಿ ಒತ್ತಬಹುದು, ಹಗ್ಗ ಹಿಡಿಯಬಹುದು, ಮೂಗನ್ನೂ ಹಿಡಿಯಬಹುದು. ಲೋಹದ ಬದಲು ಬಟ್ಟೆ, ರಬ್ಬರಿನಲ್ಲಿ ಮಾಡಿದ ಮೆತ್ತನೆಯ ಪಟ್ಟಿಗಳೂ ಸಿಗುತ್ತವೆ. ಚಿಕ್ಕ ಟಾರ್ಚಿಗೆ ಅಷ್ಟೇ ಸಾಕು. ಕೊಳ್ಳುವಾಗ ನೀರಿನಲ್ಲಿ ಹಾಕುವ ಕೈಗವಸು ಹಾಕಿಕೊಂಡೇ ಅಳತೆ ನೋಡಿ. ಸಡಿಲವಾದರೆ ಟಾರ್ಚ್ ಉರುಳಿ ಬೆಳಕು ಬೇಡದ ಕಡೆ ತಿರುಗುತ್ತದೆ.

ಆದರೂ ಇನ್‌ಫ್ಲೇಟರ್ ಎತ್ತುವಾಗ ಬೆಳಕು ಮೇಲೆ ಹೋಗುವುದು ಪೂರ್ತಿ ತಪ್ಪುವುದಿಲ್ಲ. ಆ ಕ್ಷಣಕ್ಕೆ ಮಣಿಕಟ್ಟು ಹೊರಕ್ಕೆ, ಭಾವ ಇಲ್ಲದ ಕಡೆಗೆ ತಿರುಗಿಸಿ. ಇಷ್ಟು ನೆನಪಿಟ್ಟರೆ ಸಾಕು. ಇದರಿಂದ ಒಂದು ಲಾಭವೂ ಇದೆ: ಭಾವ ಯಾವಾಗಲೂ ನಿಮ್ಮ ಬಲಕ್ಕೇ ಇರಲಿ ಅಂತ ಮೊದಲೇ ಗೊತ್ತುಮಾಡಿಕೊಂಡರೆ, ಎಡಗೈಯ ಬೆಳಕು ಅವರ ಮುಖಕ್ಕೆ ಹೋಗುವ ಸಂದರ್ಭವೇ ಕಡಿಮೆ. ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರನ್ನು ಬಲ ಮಣಿಕಟ್ಟಿಗೆ ಕಟ್ಟಿ ನೋಡಿ. ಎಡಗೈಯ ಬೆಳಕು ಅದರ ಮೇಲೆ ಸಲೀಸಾಗಿ ಬೀಳುತ್ತದೆ. ಎರಡೂ ಒಂದೇ ಕೈಯಲ್ಲಿದ್ದರೆ ಕಂಪ್ಯೂಟರಿಗೆ ತನ್ನದೇ ಬೆಳಕು ಇರಬೇಕು, ಇಲ್ಲವಾದರೆ ಟಾರ್ಚನ್ನು ಕೈ ಬದಲಿಸಬೇಕು.

ಕಟ್ಟಬೇಕಾ, ಸಿಕ್ಕಿಸಬೇಕಾ? ಎರಡಕ್ಕೂ ಪರ ವಹಿಸುವವರು ಇದ್ದಾರೆ, ಜಗಳವೂ ಆಗುತ್ತದೆ. ಮಣಿಕಟ್ಟಿನ ಕುಣಿಕೆಯ ಅನುಕೂಲ ಏನಂದರೆ ಟಾರ್ಚ್ ಕೈಜಾರಿದರೂ ಕಳೆದುಹೋಗುವುದಿಲ್ಲ. ಅನನುಕೂಲ ಏನಂದರೆ ಕಳೆದುಹೋಗಬೇಕಾದಾಗಲೂ ಹೋಗುವುದಿಲ್ಲ. ಕುಣಿಕೆ ಹಳೆಯ ಮೀನುಬಲೆಗೋ ದೋಣಿಯ ಏಣಿಗೋ ಸಿಕ್ಕಿಕೊಂಡರೆ ಕೈಯೇ ಸಿಕ್ಕಿಕೊಂಡ ಹಾಗೆ. ಬಿಗಿ ಮಾಡುವ ಮಣಿ ಇರುವ ಕುಣಿಕೆಯಾದರೆ ಪೂರ್ತಿ ಬಿಗಿಸಬೇಡಿ. ಜೋರಾಗಿ ಎಳೆದರೆ ಕೈ ಹೊರಗೆ ಬರುವಷ್ಟು ಸಡಿಲ ಇರಲಿ. ಇನ್ನೊಂದು ತೊಂದರೆ, ಕೈಬಿಟ್ಟ ಟಾರ್ಚ್ ಉರಿಯುತ್ತಲೇ ಮಣಿಕಟ್ಟಿನಿಂದ ನೇತಾಡುತ್ತದೆ. ಬೆಳಕು ಹುಚ್ಚಾಪಟ್ಟೆ ಎಲ್ಲ ಕಡೆ ಹಾರಾಡುತ್ತದೆ. ದೂರದಿಂದ ನೋಡುವ ಭಾವನಿಗೆ ಅದು ತುರ್ತು ಸನ್ನೆಯೇ.

ನನಗೆ ಒಪ್ಪಿಗೆಯಾಗುವುದು ಇದು. ಬಳಸುವಾಗ ಕೈಯ ಮೇಲಿನ ಹ್ಯಾಂಡಲ್‌ನಲ್ಲಿ, ಬಳಸದಾಗ ಬೋಲ್ಟ್ ಸ್ನ್ಯಾಪ್ ಅನ್ನುವ ಕೊಕ್ಕೆಯಿಂದ ಎದೆಯ ಪಟ್ಟಿಯ ಡಿ-ರಿಂಗ್ ಉಂಗುರಕ್ಕೆ. ಆ ಸ್ನ್ಯಾಪನ್ನು ಟಾರ್ಚಿಗೆ ಲೋಹದ ಬಳೆಯಿಂದ ಸೇರಿಸಬೇಡಿ. ಹೆಣೆದ ನೈಲಾನ್ ದಾರದಿಂದ ಗಂಟು ಹಾಕಿ. ಸ್ನ್ಯಾಪ್ ತುಕ್ಕು ಹಿಡಿದು ತೆರೆಯದೇ ಹೋದರೆ ಅಥವಾ ಎಲ್ಲಾದರೂ ಸಿಕ್ಕಿಕೊಂಡರೆ ದಾರವನ್ನು ಚಾಕುವಿನಿಂದ ಕತ್ತರಿಸಬಹುದು, ಲೋಹವನ್ನು ಕತ್ತರಿಸಲು ಆಗುವುದಿಲ್ಲ. ಸಿಕ್ಕಿಸಿದ ಟಾರ್ಚ್ ದೇಹಕ್ಕೆ ಒತ್ತಿಕೊಂಡಿರಬೇಕು. ಹೊಟ್ಟೆಯ ಕೆಳಗೆ ನೇತಾಡಿದರೆ ಹವಳಕ್ಕೆ ಬಡಿಯುತ್ತದೆ. ಸುರುಳಿ ದಾರದ ಲ್ಯಾನ್ಯಾರ್ಡ್‌ಗಳು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತವೆ, ನೀರಲ್ಲಿ ಟಾರ್ಚನ್ನು ಮೊಣಕಾಲಿನ ತನಕ ಇಳಿಬಿಡುತ್ತವೆ. ಜಾಕೆಟ್ ಜೇಬು? ಮುಖ್ಯ ಟಾರ್ಚಿಗೆ ಬೇಡ. ಜೇಬಿನಿಂದ ಇನ್ನೇನೋ ತೆಗೆಯಲು ಹೋದಾಗ ಟಾರ್ಚೂ ಜಾರಿ ಬೀಳುತ್ತದೆ, ಬಿದ್ದದ್ದು ಆರಿದ್ದರೆ ಸಿಗುವುದಿಲ್ಲ.

ಅದಕ್ಕೇ ನೀರಿಗೆ ಇಳಿಯುವ ಮುಂಚೆಯೇ ಟಾರ್ಚ್ ಹೊತ್ತಿಸಿ, ಮೇಲೆ ಬಂದು ದೋಣಿ ಹತ್ತುವ ತನಕ ಆರಿಸಬೇಡಿ ಅನ್ನುವುದು. ಬಿದ್ದರೂ ಉರಿಯುತ್ತಾ ಬೀಳುತ್ತದೆ, ಎಲ್ಲಿದೆ ಅಂತ ಕಾಣುತ್ತದೆ. ಮಧ್ಯದಲ್ಲಿ ಆರಿಸಿ ಹೊತ್ತಿಸಿ ಮಾಡುತ್ತಿದ್ದರೆ ಸ್ವಿಚ್ ಕೈಕೊಡುವ ಸಾಧ್ಯತೆಯೂ ಜಾಸ್ತಿ. ಸ್ವಲ್ಪ ಹೊತ್ತು ಕತ್ತಲೆ ಬೇಕಿದ್ದರೆ ಟಾರ್ಚಿನ ಮುಖವನ್ನು ಎದೆಗೆ ಒತ್ತಿ ಹಿಡಿಯಿರಿ. ದೋಣಿಯಿಂದ ಹೆಜ್ಜೆ ಹಾಕಿ ನೆಗೆಯುವಾಗ ಬಲಗೈ ಮಾಸ್ಕ್ ಮತ್ತು ರೆಗ್ಯುಲೇಟರ್ ಮೇಲಿರುತ್ತದೆ. ಎಡಗೈಯ ಟಾರ್ಚನ್ನು ಮೈಗೆ ಒತ್ತಿ ಹಿಡಿದಿರಿ, ಭಾರದ್ದಾದರೆ ಡಿ-ರಿಂಗ್‌ಗೆ ಸಿಕ್ಕಿಸಿ. ಏಣಿ ಹತ್ತುವಾಗ ಮಾತ್ರ ಖಂಡಿತ ಸಿಕ್ಕಿಸಬೇಕು, ಆಗ ಎರಡೂ ಕೈ ಏಣಿಗೆ ಬೇಕು.

ಎರಡನೇ ಟಾರ್ಚ್ ಬೇಕೇ ಬೇಕು, ಇದರಲ್ಲಿ ಚರ್ಚೆಯೇ ಇಲ್ಲ. ಪ್ರತಿಯೊಬ್ಬರ ಹತ್ತಿರವೂ ತಮ್ಮದೇ ಒಂದು ಇರಬೇಕು. ಇಬ್ಬರ ಮಧ್ಯೆ ಒಂದು ಅಂದರೆ, ಅದು ಬೇಕಾದ ಹೊತ್ತಿಗೆ ಇನ್ನೊಬ್ಬರ ಹತ್ತಿರ ಇರುತ್ತದೆ. ಗುಹೆ ಡೈವರ್‌ಗಳ ನಿಯಮ ಇನ್ನೂ ಬಿಗಿ. ತಲಾ ಮೂರು ಟಾರ್ಚ್, ಗುಂಪಿನಲ್ಲಿ ಯಾರದಾದರೂ ಒಂದು ಕೆಟ್ಟರೂ ಎಲ್ಲರೂ ವಾಪಸ್. ತೆರೆದ ಕಡಲಿನಲ್ಲಿ ತಲಾ ಎರಡು ಸಾಕು. ವಾಪಸ್ ಹೋಗುವ ನಿಯಮ ಮಾತ್ರ ಇಲ್ಲಿಗೂ ಅನ್ವಯಿಸುತ್ತದೆ. ಎರಡನೆಯದು ಇರುವುದು ಡೈವ್ ಮುಂದುವರಿಸಲಿಕ್ಕಲ್ಲ, ಮುಗಿಸಲಿಕ್ಕೆ.

ಅದು ಚಿಕ್ಕದಾಗಿರಲಿ, ಸರಳವಾಗಿರಲಿ. ಎದೆಯ ಡಿ-ರಿಂಗ್‌ಗೆ ಸ್ನ್ಯಾಪ್ ಹಾಕಿ, ಟಾರ್ಚಿನ ಮುಖ ಕೆಳಗಿರುವ ಹಾಗೆ ಭುಜದ ಪಟ್ಟಿಗುಂಟ ಇಳಿಬಿಟ್ಟು, ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆಯಲ್ಲಿ ಸೇರಿಸಿಬಿಡಿ. ಕಣ್ಣು ಮುಚ್ಚಿಕೊಂಡೂ ಕೈ ಹೋಗುವ ಜಾಗ ಅದು. ಮುಖ್ಯ ಟಾರ್ಚ್ ಆರಿದಾಗ ಮಾಡಬೇಕಾದ ಕ್ರಮ ಹೀಗಿದೆ: ಎರಡನೆಯದನ್ನು ಮೊದಲು ಇದ್ದಲ್ಲೇ ಹೊತ್ತಿಸಿ, ಆಮೇಲೆ ಸ್ನ್ಯಾಪ್ ಬಿಚ್ಚಿ. ಬಿಚ್ಚಿದ ಮೇಲೆ ಕತ್ತಲಲ್ಲಿ ಸ್ವಿಚ್ ಹುಡುಕುತ್ತಾ ಕೈಜಾರಿದರೆ ಆಟ ಮುಗಿಯಿತು. ಆಮೇಲೆ ಭಾವನನ್ನು ಕರೆದು, ಮೇಲಕ್ಕೆ ಅಂತ ಹೆಬ್ಬೆರಳು ತೋರಿಸಿ. ನಿಮ್ಮ ಬೆಳಕು ಆರಿದ್ದು ಭಾವನಿಗೆ ಆಗಲೇ ಗೊತ್ತಾಗಿರಬೇಕು. ಪಕ್ಕದ ಬೆಳಕನ್ನು ಗಮನಿಸುವ ರೂಢಿ ಬಂದಿದ್ದರೆ ಅವರೇ ನಿಮ್ಮ ಕೈಗಳ ಮೇಲೆ ಬೆಳಕು ಬಿಟ್ಟು ನಿಂತಿರುತ್ತಾರೆ.

ತಲೆಯನ್ನು ತಿರುಗಿಸಿ ಹೊತ್ತಿಸುವ ಟಾರ್ಚುಗಳಲ್ಲಿ ಒಂದು ಚೇಷ್ಟೆ ಇದೆ. ಆರಿದೆ ಅನ್ನುವಷ್ಟು ಮಾತ್ರ ಸಡಿಲಿಸಿಟ್ಟರೆ ಆಳದ ಒತ್ತಡಕ್ಕೆ ತಲೆ ಒಳಗೆ ಒತ್ತಿಕೊಂಡು ತಾನೇ ಹೊತ್ತಿಕೊಳ್ಳಬಹುದು. ಹಾಗಂತ ಜಾಸ್ತಿ ಸಡಿಲಿಸಿದರೆ ನೀರು ನುಗ್ಗುತ್ತದೆ. ಎಷ್ಟು ತಿರುಗಿಸಬೇಕು ಅನ್ನುವುದನ್ನು ಅದರ ಕೈಪಿಡಿಯಲ್ಲೇ ನೋಡಿ.

ಸ್ವಿಚ್ ವಿಷಯದಲ್ಲಿ ನನ್ನದೊಂದು ಹಟ ಇದೆ. ಮಂದ, ಜೋರು, ಮಿಣುಕು, ಎಸ್‌ಒಎಸ್ ಅಂತ ಒಂದೇ ಗುಂಡಿಯಲ್ಲಿ ಸುತ್ತುವ ಟಾರ್ಚ್ ಬೇಡ. ಬೆಳಕು ಕಡಿಮೆ ಮಾಡಲು ಹೋದಾಗ ಮಧ್ಯದಲ್ಲಿ ಮಿಣುಕು ಬಂದೇ ಬರುತ್ತದೆ. ನೋಡುವವರ ಎದೆ ಧಸಕ್ ಅನ್ನುತ್ತದೆ. ಜೋರು ಮತ್ತು ಮಂದ ಎರಡೇ ಇದ್ದರೆ ಸಾಕು. ಮಿಣುಕು ದೀಪವನ್ನು ನೀರಿನ ಮೇಲ್ಮೈಯಲ್ಲಿ ತೊಂದರೆಗೆ ಸಿಕ್ಕಾಗ ಬಳಸಲು ಬೇರೆಯಾಗಿಯೇ ಇಟ್ಟುಕೊಳ್ಳಿ. ಸಿಲಿಂಡರ್ ತಲೆಗೆ ಕಟ್ಟುವ ಗುರುತಿನ ದೀಪ ಎಡೆಬಿಡದೆ ಒಂದೇ ಸಮ ಉರಿಯುವಂಥದ್ದಿರಲಿ. ನಿಮ್ಮ ಇಬ್ಬರದೂ ಒಂದೇ ಬಣ್ಣ ಇದ್ದರೆ ಗುಂಪಿನಲ್ಲಿ ಭಾವ ಯಾರು ಅಂತ ಹುಡುಕುವ ಕಷ್ಟ ಇಲ್ಲ.

ಭಾವ ಕಾಣೆಯಾದರೆ? ಮೊದಲು ನಿಮ್ಮ ಬೆಳಕನ್ನು ಎದೆಗೆ ಒತ್ತಿ ಮುಚ್ಚಿ. ನಿಮ್ಮ ಟಾರ್ಚ್ ಉರಿಯುತ್ತಿರುವ ತನಕ ದೂರದ ಮಂದ ಬೆಳಕು ನಿಮಗೆ ಕಾಣುವುದೇ ಇಲ್ಲ. ಮುಚ್ಚಿಕೊಂಡು ನಿಧಾನಕ್ಕೆ ಒಂದು ಸುತ್ತು ತಿರುಗಿ. ಮೇಲೂ ಕೆಳಗೂ ನೋಡಿ. ಬಂಡೆಯ ಆಚೆ ಇದ್ದರೂ ನೀರಿನಲ್ಲಿ ಬೆಳಕಿನ ಹೊಳಪು ಕಾಣುತ್ತದೆ. ಕಾಣದಿದ್ದರೆ ಈಗ ಟಾರ್ಚ್ ತೆಗೆದು, ಅವರಿಗೆ ನೀವು ಕಾಣುವ ಹಾಗೆ ಅಡ್ಡಲಾಗಿ ಹಿಡಿದು ಇನ್ನೊಂದು ಸುತ್ತು ತಿರುಗಿ. ಒಟ್ಟು ಒಂದು ನಿಮಿಷ ಮೀರಬಾರದು. ಆಮೇಲೆ ಹದವಾದ ವೇಗದಲ್ಲಿ ಮೇಲೆ ಹೋಗಿ ಅಲ್ಲಿ ಸೇರಿಕೊಳ್ಳುವುದು. ಇದನ್ನೂ ಇಳಿಯುವ ಮುಂಚೆಯೇ ಮಾತಾಡಿಕೊಂಡಿರಬೇಕು. ಒಬ್ಬರು ಮೇಲೆ ಹೋಗಿ ಇನ್ನೊಬ್ಬರು ಕೆಳಗೆ ಹುಡುಕುತ್ತಾ ಉಳಿದರೆ ಎರಡು ತೊಂದರೆ ಆಗುತ್ತವೆ.

ಗಾಳಿ ಹಂಚಿಕೊಳ್ಳುವ ಸಂದರ್ಭ ಬಂದರೆ ಕೊಡುವವರ ಬೆಳಕು ಆಕ್ಟೋಪಸ್ ಮೇಲೆ ಬೀಳಬೇಕು, ಪಡೆಯುವವರ ಮುಖದ ಮೇಲಲ್ಲ. ಗಾಬರಿಯಲ್ಲಿರುವವರ ಕಣ್ಣಿಗೆ ಬೆಳಕು ಬಿಟ್ಟರೆ ಗಾಬರಿ ಇಮ್ಮಡಿಯಾಗುತ್ತದೆ. ಬ್ಯಾಟರಿ ಸೊಂಟದಲ್ಲಿದ್ದು ವೈರ್ ಮೂಲಕ ಕೈಗೆ ಬರುವ ದೊಡ್ಡ ಟಾರ್ಚ್ ಮುಂದೊಮ್ಮೆ ಕೊಂಡರೆ, ಆ ವೈರ್ ಹೋಸ್‌ಗೆ ಸುತ್ತಿಕೊಳ್ಳದೆ ಹೋಸ್ ಪೂರ್ತಿ ಬಿಚ್ಚಿಕೊಳ್ಳುತ್ತದಾ ಅಂತ ಪ್ರತಿ ಡೈವ್‌ಗೂ ಮೊದಲು ಎಳೆದು ನೋಡಿ.

ಮೇಲೆ ಬರುವಾಗ ಬೆಳಕನ್ನು ಆಗಾಗ ತಲೆಯ ಮೇಲಕ್ಕೆ ಬಿಟ್ಟು ದೋಣಿಯ ತಳವೋ ಅಂಬಲಿ ಮೀನೋ ಇದೆಯಾ ನೋಡಿಕೊಳ್ಳಿ. 5 ಮೀಟರ್‌ನಲ್ಲಿ 3 ನಿಮಿಷ ಸೇಫ್ಟಿ ಸ್ಟಾಪ್ ನಿಂತಾಗ ಕೈಗೆ ಬೇರೆ ಕೆಲಸವಿಲ್ಲ, ಬೆಳಕು ಕಾಲಿನ ಕಡೆ ಇರಲಿ. ಗಾಳಿ ತುಂಬಿದ ಗುರುತಿನ ಬಲೂನು ಮೇಲೆ ಬಿಟ್ಟಿದ್ದರೆ ಕೆಳಗಿನಿಂದ ಅದಕ್ಕೆ ಟಾರ್ಚ್ ಬಿಡಿ. ಇಡೀ ಬಲೂನು ದೀಪದ ಹಾಗೆ ಹೊಳೆದು ದೋಣಿಯವರಿಗೆ ದೂರದಿಂದಲೇ ಕಾಣುತ್ತದೆ. ಮೇಲ್ಮೈಗೆ ಬಂದ ಮೇಲೆ ದೋಣಿಯವರಿಗೆ "ಸರಿ" ಅನ್ನಲು ತೋಳು ಚಾಚಿ ಬೆಳಕಿನಲ್ಲಿ ದೊಡ್ಡ ಸುತ್ತು. ಅಲ್ಲಿಯೂ ಚಾಲಕರ ಕಣ್ಣಿಗೆ ನೇರ ಬಿಡಬೇಡಿ, ಅವರು ನಿಮ್ಮತ್ತಲೇ ದೋಣಿ ತರುತ್ತಿರುತ್ತಾರೆ.

ಮೀನುಗಳಿಗೂ ಇದೇ ಮರ್ಯಾದೆ. ಮಲಗಿದ ಮೀನನ್ನೋ ಆಮೆಯನ್ನೋ ಬೆಳಕಿನ ನಡುಭಾಗದಲ್ಲಿ ಹಿಡಿದು ನಿಲ್ಲಬೇಡಿ, ಅಂಚಿನ ಮಂದ ಬೆಳಕಿನಲ್ಲಿ ನೋಡಿ. ನಿಮ್ಮ ಬೆಳಕಿನ ಹಿಂದೆಯೇ ಬರುವ ಲಯನ್‌ಫಿಶ್‌ಗಳೂ ಇವೆ. ನೀವು ಯಾವ ಚಿಕ್ಕ ಮೀನಿನ ಮೇಲೆ ಬೆಳಕು ನಿಲ್ಲಿಸುತ್ತೀರೋ ಅದು ಅವುಗಳ ಊಟ. ಹಗಲು ಡೈವ್‌ಗೂ ಚಿಕ್ಕ ಟಾರ್ಚ್ ಒಯ್ಯಿರಿ. ನೀರು ಕೆಂಪು ಬಣ್ಣವನ್ನು ಮೊದಲ ಕೆಲವು ಮೀಟರ್‌ಗಳಲ್ಲೇ ನುಂಗಿಬಿಡುತ್ತದೆ. ಬೂದುಬೂದಾಗಿ ಕಾಣುವ ಬಂಡೆಗೆ ಹತ್ತಿರದಿಂದ ಟಾರ್ಚ್ ಬಿಟ್ಟರೆ ಅದರ ನಿಜವಾದ ಕೆಂಪು, ಕಿತ್ತಳೆ ಕಾಣುತ್ತದೆ.

ಟಾರ್ಚ್ ಜೋಪಾನದ ವಿಷಯ ಬೇಗ ಮುಗಿಸುತ್ತೇನೆ. ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಇದ್ದರೂ ನೀರು ಒಳಗೆ ಬರುತ್ತದೆ. ಒರೆಸಿ, ತಯಾರಕರು ಹೇಳಿದ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಿ. ಪ್ಯಾಕೆಟ್ ಮೇಲೆ ಬರೆದ ಉರಿಯುವ ಸಮಯವನ್ನು ಪೂರ್ತಿ ನಂಬಬೇಡಿ. ಎಎನ್‌ಎಸ್‌ಐ ಎಫ್‌ಎಲ್ 1 ಅನ್ನುವ ಅಳತೆಯ ಪ್ರಕಾರ ಬೆಳಕು ಶುರುವಿನ ಶೇ. 10ಕ್ಕೆ ಇಳಿಯುವ ತನಕದ ಸಮಯವನ್ನು ಲೆಕ್ಕ ಹಿಡಿಯುತ್ತಾರೆ. ಶೇ. 10 ಬೆಳಕಿನಲ್ಲಿ ನಿಮ್ಮ ಸನ್ನೆ ಕಾಣುವುದು ಕಷ್ಟ. ಮುಖ್ಯ ಟಾರ್ಚಿಗೆ ಪ್ರತಿ ರಾತ್ರಿಯೂ ಪೂರ್ತಿ ಚಾರ್ಜ್ ಇರಲಿ. ಜೋರಾದ ಎಲ್‌ಇಡಿ ಟಾರ್ಚುಗಳನ್ನು ತಣ್ಣಗಿಡುವುದು ಸುತ್ತಲಿನ ನೀರು, ದೋಣಿಯ ಮೇಲೆ ಬಹಳ ಹೊತ್ತು ಉರಿಸಬೇಡಿ. ನೀರು ಹೊಕ್ಕ ಟಾರ್ಚಿನೊಳಗೆ ಅನಿಲ ಕಟ್ಟಿಕೊಂಡಿರಬಹುದು. ತೆರೆಯುವಾಗ ಅದರ ಎರಡು ತುದಿಯೂ ಯಾರ ಮುಖದತ್ತವೂ ಇರಬಾರದು.

ಮುಂದಿನ ರಾತ್ರಿ ಡೈವ್‌ಗೆ ಮೊದಲು ಒಂದು ಕೆಲಸ ಮಾಡಿ. ಒಂದು ಕೋಣೆಯ ದೀಪ ಆರಿಸಿ, ಇಬ್ಬರೂ ಕೈಗವಸು ಹಾಕಿ, ಮಾತಾಡದೆ ಗೋಡೆಯ ಮೇಲೆ ಮೂರು ಸನ್ನೆಗಳನ್ನು ಆಡಿ ನೋಡಿ. ಎರಡನೇ ಟಾರ್ಚನ್ನು ಕತ್ತಲಲ್ಲಿ ಹೊತ್ತಿಸಿ, ಬಿಚ್ಚಿ, ಮತ್ತೆ ಸಿಕ್ಕಿಸಿ. ಆಮೇಲೆ ಟಾರ್ಚುಗಳನ್ನು ಅದಲುಬದಲು ಮಾಡಿಕೊಳ್ಳಿ. ನಿಮ್ಮ ದೊಡ್ಡ ಟಾರ್ಚ್ ಭಾವನ ಕೈಯಲ್ಲಿದ್ದಾಗ ನಿಮ್ಮ ಕಣ್ಣಿಗೆ ಏನಾಗುತ್ತದೆ ಅಂತ ಒಮ್ಮೆ ನೋಡಿದರೆ ಇನ್ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ವಿಮಾನ. ಒಯ್ಯಬಹುದು. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವ ಹಾಗಿಲ್ಲ. 100 ವ್ಯಾಟ್-ಅವರ್ ತನಕ ಸಾಮಾನ್ಯವಾಗಿ ತೊಂದರೆಯಿಲ್ಲ. 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಬಿಡಿಯಾಗಿ ಎರಡಕ್ಕಿಂತ ಜಾಸ್ತಿ ಒಯ್ಯುವಂತಿಲ್ಲ. ಲೆಕ್ಕ ಸುಲಭ, ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 3.6 ವೋಲ್ಟ್, 3.4 ಆಂಪಿಯರ್-ಅವರ್‌ನ ಒಂದು 18650 ಬ್ಯಾಟರಿ ಸುಮಾರು 12 ವ್ಯಾಟ್-ಅವರ್ ಆಗುತ್ತದೆ. ಆದರೆ ಡೈವ್ ಟಾರ್ಚ್ ಆಕಸ್ಮಿಕವಾಗಿ ಹೊತ್ತಿಕೊಂಡರೆ ತುಂಬಾ ಬಿಸಿಯಾಗುವ ವಸ್ತುಗಳ ಪಟ್ಟಿಯಲ್ಲಿ ಬರುತ್ತದೆ. ಅದಕ್ಕೆ ಕಂಪನಿಯನ್ನು ಮೊದಲೇ ಕೇಳಿ, ಬ್ಯಾಟರಿ ಹೊರಗೆ ತೆಗೆದಿಡಿ, ಅದರ ಎರಡು ತುದಿಗೂ ಟೇಪ್ ಅಂಟಿಸಿ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ. ಭದ್ರತಾ ತಪಾಸಣೆಯಲ್ಲಿ ನಿಮ್ಮ ಪಿಸ್ತೂಲ್ ಹಿಡಿಯ ಟಾರ್ಚನ್ನು ಎಕ್ಸ್‌ರೇ ಪರದೆಯಲ್ಲಿ ನೋಡಿದವರು ಚೀಲ ಬಿಚ್ಚಿಸುವ ಸಾಧ್ಯತೆ ಇದ್ದೇ ಇದೆ, ಅದನ್ನು ಮೇಲ್ಗಡೆಯೇ ಇಟ್ಟಿರಿ.